ಒಂದು ಗುಂಡಿ, ಇನ್ನೂರು ರುಜು

ಕಳೆದ ಮಳೆಗಾಲದ ಒಂದು ಸಂಜೆ. ಕದ್ರಿಯ ನಮ್ಮ ಮನೆಯ ಜಗಲಿಯಲ್ಲಿ ನಾನು ಪತ್ರಿಕೆಯ ಪದಬಂಧದೊಡನೆ ಸೆಣಸುತ್ತಿದ್ದಾಗ, ತಂಗಿಯ ಮಗ ಕೊಡೆ ಮಡಚಿಕೊಂಡು ಒಳಗೆ ಬಂದ. ಅವನು ಈ ಊರಿನದೇ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಉದ್ಯೋಗಿ. ಸಾಮಾನ್ಯವಾಗಿ ಅವನು ಬರುವುದು ನನ್ನ ಮೊಬೈಲು ಹಟ ಹಿಡಿದಾಗ. ಅದೂ ನಾನು ನಾಲ್ಕು ಸಲ ಕರೆದ ಮೇಲೆ. ಆ ದಿನ ಕರೆಯದೆ ಬಂದಿದ್ದ. ಚಹಾ ಮುಗಿಯುವವರೆಗೂ ಸುಮ್ಮನಿದ್ದು ಆಮೇಲೆ ಕೇಳಿದ:

"ಮಾವ, ನೀವು ಕಂದಾಯ ಇಲಾಖೆಯಲ್ಲಿ ಅಷ್ಟು ವರ್ಷ ಇದ್ದವರಲ್ಲವಾ? ಒಬ್ಬ ಅಧಿಕಾರಿ ಒಂದೇ ದಿನ ಇನ್ನೂರು ಕಾಗದಕ್ಕೆ ರುಜು ಹಾಕಬೇಕಾದರೆ ಹೇಗೆ ಹಾಕುತ್ತಿದ್ದರು?"

"ಪೆನ್ನಿನಿಂದ" ಎಂದೆ.

ಅವನು ನಗಲಿಲ್ಲ. ಸರಕಾರಿ ಅಧಿಕಾರಿಗಳು ರಾಶಿಗಟ್ಟಲೆ ವಿದ್ಯುನ್ಮಾನ ದಾಖಲೆಗಳಿಗೆ ಒಟ್ಟಿಗೆ ರುಜು ಹಾಕುವುದಕ್ಕೆ ಒಂದು ಸಲಕರಣೆಯನ್ನು ರಚಿಸುವ ಕೆಲಸ ಅವನ ಪಾಲಿಗೆ ಬಂದಿತ್ತಂತೆ. ಪರದೆಯ ಮೇಲೆ ಒಂದು ಪಟ್ಟಿ. ಪಟ್ಟಿಯ ತಲೆಯಲ್ಲಿ 'ಎಲ್ಲವನ್ನೂ ಆಯ್ಕೆ ಮಾಡು' ಎಂಬ ಚೌಕ; ಬುಡದಲ್ಲಿ 'ಸಹಿ ಮಾಡು' ಎಂಬ ಗುಂಡಿ. ಅಧಿಕಾರಿ ತನ್ನ ಗುಪ್ತಸಂಖ್ಯೆಯನ್ನು ಒಮ್ಮೆ ಕೊಟ್ಟರೆ ಇನ್ನೂರಕ್ಕೂ ರುಜು ಬಿದ್ದು, ಅವರು ಊಟಕ್ಕೆ ಏಳಬಹುದು.

"ಕೆಲಸವೆಲ್ಲ ಆಗಿದೆ ಮಾವ. ಆದರೆ ಏನೋ ಒಂದು ಬಿಟ್ಟುಹೋಗಿದೆ ಅಂತ ಅನಿಸುತ್ತದೆ. ಏನು ಅಂತ ಗೊತ್ತಾಗುವುದಿಲ್ಲ."

ಆ 'ಏನೋ ಒಂದನ್ನು' ಹುಡುಕುತ್ತ ನಾವಿಬ್ಬರು ಹಲವು ಸಂಜೆಗಳನ್ನು ಕಳೆದೆವು. ನಾನು ಕಪಾಟಿನಿಂದ ಹಳೆಯ ಪುಸ್ತಕಗಳನ್ನು ಇಳಿಸಿದೆ. ಅವನು ನನಗೆ ಗಣಿತ ಕಲಿಸಲು ನೋಡಿದ. ಅದರ ಫಲವೇ ಈ ಬರಹ. ರುಜುವಿನಂಥ ಒಣ ವಿಷಯಕ್ಕೆ ಇಷ್ಟು ದೊಡ್ಡ ಚರಿತ್ರೆಯೆ ಎಂದು ವಾಚಕರು ಹುಬ್ಬೇರಿಸಬಾರದು. ನಮ್ಮ ಜಮೀನು, ಜಾತಿ, ಆದಾಯ, ಹುಟ್ಟು, ಸಾವು ಎಲ್ಲವೂ ಯಾರದೋ ಒಂದು ರುಜುವಿನ ಕೆಳಗೆ ನಿಂತಿವೆ.

ನಾನು ಗುಮಾಸ್ತನಾಗಿ ಸೇರಿದ್ದು 1976ರಲ್ಲಿ. ಆಗ ಉಡುಪಿಯೂ ಸೇರಿ ಇದು ಅಖಂಡ ದಕ್ಷಿಣ ಕನ್ನಡ ಜಿಲ್ಲೆ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಗಿ, ಉಳುವವನೇ ಒಡೆಯನೆಂದಾಗಿತ್ತು. ಗೇಣಿದಾರರು ಕೊಡಬೇಕಾದ ಅರ್ಜಿ ನಮೂನೆ 7. ಊರವರ ಬಾಯಲ್ಲಿ ಅದು 'ಡಿಕ್ಲರೇಶನ್'. ಗೇಣಿಯೊಕ್ಕಲು ದಟ್ಟವಾಗಿದ್ದ ನಮ್ಮ ಜಿಲ್ಲೆಯಲ್ಲಿ ಆ ಅರ್ಜಿಗಳು ಕಟ್ಟುಕಟ್ಟಾಗಿ ಬಂದವು. ಭೂನ್ಯಾಯಮಂಡಳಿ ವಿಚಾರಣೆ ನಡೆಸಿ ತೀರ್ಪು ಕೊಟ್ಟ ಬಳಿಕ ತಹಶೀಲ್ದಾರರು ಒಕ್ಕಲಿಗೆ ಒಂದು ಪ್ರಮಾಣಪತ್ರ ಕೊಡಬೇಕು. ಅದು ನಮೂನೆ 10. ಅದನ್ನು ಕೈಯಲ್ಲಿ ಹಿಡಿದ ಮೇಲೆಯೇ ಗೇಣಿದಾರ ಒಡೆಯನಾದದ್ದು.

ಈ ನಮೂನೆ 10ಕ್ಕೆ ರುಜು ಬೀಳುವುದನ್ನು ನೋಡಬೇಕಿತ್ತು. ಮೇಜಿನ ಎಡಕ್ಕೆ ಜವಾನ ನಿಂತು, ಕಾಗದಗಳ ಬಲಮೂಲೆಯನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಾನೆ. ಸಾಹೇಬರ ಪೆನ್ನು ಕೆಳಗಿಳಿಯುತ್ತದೆ, ಮೇಲೇಳುತ್ತದೆ. ಕಾಗದ ಸರಿಯುತ್ತದೆ. ಆಷಾಢದ ಮಳೆಯಲ್ಲಿ ನಮ್ಮೂರಿನ ಕಾಗದ ಹಪ್ಪಳದಂತೆ ತೇವ ಹೀರುವುದರಿಂದ ಶಾಯಿ ಹರಡದ ಹಾಗೆ ನಾನು ಬಲಕ್ಕೆ ನಿಂತು ಒತ್ತುಕಾಗದ ಒತ್ತಬೇಕು. ಹೀಗೆ ಮೂವರ ಆರು ಕೈಗಳು ಒಂದು ಯಂತ್ರದಂತೆ ನಡೆಯುತ್ತಿದ್ದವು. ಒಬ್ಬ ತಹಶೀಲ್ದಾರರು ನಡುನಡುವೆ ಕೈ ತಡೆದು ಒಂದು ಕಾಗದವನ್ನು ಪೂರ್ತಿ ಹೊರಗೆಳೆದು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಯಾವುದನ್ನು ಎಳೆಯುತ್ತಾರೆಂದು ನಮಗೆ ಮೊದಲೇ ತಿಳಿಯದು. ಅವರು ಇದ್ದಷ್ಟು ಕಾಲ ನಾವು ನಕಲು ಮಾಡುವಾಗ ಎರಡು ಸಲ ಓದುತ್ತಿದ್ದೆವು. ಅವರ ಬಳಿಕ ಬಂದವರು ಮೂಲೆಗಳನ್ನು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಅವರೂ ಸಜ್ಜನರೇ, ರಾತ್ರಿ ಎಂಟರವರೆಗೆ ಕೂತು ರುಜು ಹಾಕಿ ಜನರನ್ನು ಬೇಗ ಕಳಿಸಬೇಕೆಂಬ ಕಳಕಳಿ ಅವರದು.

ಆ ಎರಡನೆಯವರ ಕಾಲದಲ್ಲಿ ನಾನೇ ಬರೆದ ಒಂದು ಪ್ರಮಾಣಪತ್ರದಲ್ಲಿ ಸರ್ವೆ ನಂಬ್ರದ ಉಪವಿಭಾಗ ತಿರುಗುಮುರುಗಾಯಿತು. ಯಾವ ಕಚೇರಿ, ಯಾವ ಊರು ಎಂಬುದು ಬೇಡ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಒಂದು ಎಕ್ರೆ ಗದ್ದೆ ಕಾಗದದಲ್ಲಿ ನೆರೆಯವನ ಗುಡ್ಡವಾಗಿಬಿಟ್ಟಿತು. ಸೊಸೈಟಿಯಲ್ಲಿ ಸಾಲ ಕೇಳಲು ಹೋದಾಗಲೇ ಆಕೆಗೆ ವಿಷಯ ತಿಳಿದದ್ದು. ತಿದ್ದುವುದಕ್ಕೆ ಮೂರು ವರ್ಷ ಹಿಡಿಯಿತು. ಆಕೆ ಬಂದಾಗಲೆಲ್ಲ ಆ ಕಾಗದವನ್ನು ಮಡಿಕೆ ಬಿಡಿಸಿ ನನ್ನ ಮುಂದೆ ಇಡುವಳು. ಬೆರಳು ಇಡುವುದು ಮಾತ್ರ ಸಾಹೇಬರ ರುಜುವಿನ ಮೇಲೆ. "ಇವರು ನೋಡಿಯೇ ಹಾಕಿದ್ದಲ್ಲವಾ?" ಎಂದು ಕೇಳುವಳು. ತಪ್ಪು ನನ್ನದೆಂದು ನಾನು ಆಕೆಗೆ ಹೇಳಲಿಲ್ಲ.

ಇದನ್ನು ಅಳಿಯನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ರುಜು ಎಂದರೆ ಎರಡು ಕೆಲಸ" ಎಂದ. "ಒಂದು ನೋಡುವುದು, ಒಂದು ಗುರುತು ಹಾಕುವುದು. ನಾನು ಮಾಡಿದ್ದು ಎರಡನೆಯದನ್ನು ಮಾತ್ರ."

ಹುಡುಗ ಹೇಳಿದ್ದು ಸರಿ. ಆದರೆ ಆ ಎರಡು ಕೆಲಸಗಳು ಬೇರ್ಪಟ್ಟದ್ದು ಕಂಪ್ಯೂಟರು ಬಂದ ಮೇಲಲ್ಲ. ಇತಿಹಾಸದಲ್ಲಿ ಅವು ಒಟ್ಟಿಗಿದ್ದ ಕಾಲವನ್ನು ಹುಡುಕುವುದೇ ಕಷ್ಟ.

ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ನಮ್ಮ ಕರಾವಳಿಯನ್ನು ಎರಡು ಭಾಗ ಮಾಡಿ ಆಳಿದ ವಿಜಯನಗರದ ಅರಸರ ತಾಮ್ರಶಾಸನಗಳನ್ನು ಎತ್ತಿಕೊಳ್ಳಿ. ಒಳಗಿನ ಬರಹ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇದ್ದರೂ ಕೊನೆಗೆ ದೊಡ್ಡ ಕನ್ನಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ಅದು ರಾಜನ ಅಂಕಿತ. ಅಲ್ಲಿರುವುದು ರಾಜನ ಹೆಸರಲ್ಲ, ದೇವರ ಹೆಸರು. ಅದನ್ನು ಲೋಹದಲ್ಲಿ ಕೆತ್ತಿದ್ದು ರಾಜನ ಕೈಯೂ ಅಲ್ಲ, ಶಾಸನಾಚಾರಿಯ ಉಳಿ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರುಜು 'ಶ್ರೀಕೃಷ್ಣ' ಎಂದಿರುತ್ತಿತ್ತು.

ಕೆಳಗಿನ ಮಟ್ಟದಲ್ಲಿ, ಊರಿನ ಲೆಕ್ಕದಲ್ಲಿ, ರುಜುವೇ ಇರಲಿಲ್ಲ. 1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಇಲ್ಲಿಯ ಶಾನುಭೋಗರ ಕಪ್ಪು ಪುಸ್ತಕಗಳನ್ನು ನೆಚ್ಚಿ ಭೂಮಿಯ ಹಳೆಯ ತೀರ್ವೆಯನ್ನು ಹುಡುಕಿದ. ಆ ಕಪ್ಪು ಪುಸ್ತಕವೇ ನಮ್ಮ 'ಕಡತ'. ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿಮಾಡಿದ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವುದು. ಒದ್ದೆಬಟ್ಟೆಯಿಂದ ಒರೆಸಿದರೆ ಅಳಿಸಬಹುದು. ಅಳಿಸಬಹುದಾದ ಪುಸ್ತಕವನ್ನು ಊರು ನಂಬಿದ್ದು ಹೇಗೆ? ಶಾನುಭೋಗನ ಕೈಬರಹವನ್ನು ಊರು ಬಲ್ಲದು, ಅವನನ್ನೂ ಬಲ್ಲದು, ಅವನ ಅಜ್ಜನನ್ನೂ ಬಲ್ಲದು. ಬಟ್ಟೆ ಹೋಗಿ ಕಾಗದ ಬಂದರೂ, ಕಾಗದ ಹೋಗಿ ಪರದೆ ಬಂದರೂ ಹೆಸರು ಮಾತ್ರ ಅದೇ. ಇಂದು ಸರಕಾರಿ ಕಂಪ್ಯೂಟರಿನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದೂ 'ಇ-ಕಡತ'ವೇ.

ಕೈಬರಹವನ್ನು ಒಂದರಿಂದ ನೂರು ಮಾಡುವ ವಿದ್ಯೆ ಮಂಗಳೂರಿಗೆ ಬಂದದ್ದು 1841ರಲ್ಲಿ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನೊಡನೆ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದು ಈ ಕಲ್ಲಿನ ಮೇಲೆಯೇ. ಅದರಲ್ಲಿ ಮೂಡುವುದು ಅಚ್ಚಿನ ಮೊಳೆಗಳಲ್ಲ, ಬರೆದವನ ಅಕ್ಷರ. ಅಂದಿನಿಂದ, 'ಇದು ಇವನ ಅಕ್ಷರ' ಎಂದ ಮಾತ್ರಕ್ಕೆ 'ಈ ಕಾಗದವನ್ನು ಇವನು ಮುಟ್ಟಿದ್ದ' ಎಂದು ಹೇಳುವ ಹಾಗಿಲ್ಲದೆ ಹೋಯಿತು. ಮುಂದೆ ಬಂದ ರಬ್ಬರು ಮುದ್ರೆಯ ರುಜು ಇದರ ಮರಿಮಗು.

ಆದರೆ ಒಟ್ಟುರುಜುವಿನ ಪೇಚನ್ನು ಮೊದಲು ಬರಹದಲ್ಲಿ ಕಂಡದ್ದು ನಮ್ಮ ಕಡಲಾಚೆಯ ಒಬ್ಬ ಅರಸನ ಕಥೆಯಲ್ಲಿ. ಇಂಗ್ಲೆಂಡಿನ ಎಂಟನೆಯ ಹೆನ್ರಿ ತನ್ನ ಕೊನೆಗಾಲದಲ್ಲಿ ಕಾಲು ಹುಣ್ಣಿನಿಂದ ನರಳುತ್ತ, ರುಜುವಿನ ಕಾಟಕ್ಕೆ ಬೇಸತ್ತು, 1545ರಲ್ಲಿ ಒಂದು 'ಒಣಮುದ್ರೆ' ಮಾಡಿಸಿದ. ಶಾಯಿಯಿಲ್ಲದೆ ಒತ್ತಿದರೆ ಕಾಗದದಲ್ಲಿ ರಾಜನ ರುಜುವಿನ ಗೆರೆ ತಗ್ಗಾಗಿ ಮೂಡುವುದು. ವಿಲಿಯಂ ಕ್ಲಾರ್ಕ್ ಎಂಬ ಗುಮಾಸ್ತ ಆ ತಗ್ಗಿನಲ್ಲಿ ಶಾಯಿ ಎಳೆಯುವನು. ಇವನೊಬ್ಬನೇ ಮಾಡುವ ಹಾಗಿಲ್ಲ. ಆಂಥೊನಿ ಡೆನಿ, ಜಾನ್ ಗೇಟ್ಸ್ ಎಂಬ ಇನ್ನಿಬ್ಬರು ನಂಬಿಕಸ್ಥರು ಇರಬೇಕು. ಮುದ್ರೆ ಬಿದ್ದ ಕಾಗದಗಳ ಪಟ್ಟಿಯನ್ನು ತಿಂಗಳು ತಿಂಗಳು ಬರೆದು ರಾಜನಿಗೆ ತೋರಿಸಬೇಕು. ವ್ಯವಸ್ಥೆ ಜಾಣತನದ್ದೇ. ಆದರೂ ಏನಾಯಿತು ನೋಡಿ. ರಾಜನ ಮರಣಶಾಸನದ ತಾರೀಕು 1546ರ ಡಿಸೆಂಬರ್ 30. ಮುದ್ರೆಯ ಪಟ್ಟಿಯಲ್ಲಿ ಅದು ಕಾಣುವುದು 1547ರ ಜನವರಿಯ ಕೊನೆಯ ಸಾಲುಗಳಲ್ಲಿ. ರಾಜ ಸತ್ತದ್ದು ಜನವರಿ 28ರಂದು. ಅವನು ಅದನ್ನು ನೋಡಿದ್ದನೆ ಎಂದು ಇತಿಹಾಸಕಾರರು ಇಂದಿಗೂ ಜಗಳಾಡುತ್ತಾರೆ. ನಾರ್ಫೋಕಿನ ಡ್ಯೂಕನಿಗೆ ಮರಣದಂಡನೆ ವಿಧಿಸಿದ ಮಸೂದೆಗೂ ಇದೇ ಮುದ್ರೆ ಬಿದ್ದಿತ್ತು. ಡ್ಯೂಕನ ತಲೆ ಉಳಿದದ್ದು ರಾಜನೇ ಅದಕ್ಕೆ ಮುಂಚೆ ಸತ್ತದ್ದರಿಂದ. ಮೇರಿ ರಾಣಿಯ ಕಾಲದಲ್ಲಿ, 1553ರಲ್ಲಿ, ಪಾರ್ಲಿಮೆಂಟು ಆ ಮಸೂದೆಯನ್ನೇ ಅಸಿಂಧುಗೊಳಿಸಿತು: ರಾಜ ತನ್ನ ಕೈಯಿಂದ ರುಜು ಹಾಕಿರಲಿಲ್ಲ.

ಅಮೆರಿಕದವರದು ಇನ್ನೊಂದು ದಾರಿ. ಪಡುವಣದ ಹೊಸ ಭೂಮಿಯನ್ನು ಕೊಂಡವರಿಗೆ ಕೊಡುವ ಪ್ರತಿಯೊಂದು ಹಕ್ಕುಪತ್ರಕ್ಕೂ ಅಲ್ಲಿ ರಾಷ್ಟ್ರಾಧ್ಯಕ್ಷನೇ ರುಜು ಹಾಕಬೇಕಿತ್ತು. ಆಂಡ್ರೂ ಜಾಕ್ಸನ್ನನ ಕಾಲಕ್ಕೆ ಸಾವಿರಗಟ್ಟಲೆ ಹಕ್ಕುಪತ್ರಗಳು ರುಜುವಿಗಾಗಿ ಕಾದು ಕೂತವು. ಜನ ಭೂಮಿಗೆ ಹಣ ಕಟ್ಟಿ ಕಾಗದವಿಲ್ಲದೆ ಕುಳಿತರು. 1833ರ ಮಾರ್ಚ್ 2ರಂದು ಒಂದು ಕಾಯಿದೆ ಬಂದು, ಅಧ್ಯಕ್ಷನ ಹೆಸರಿನಲ್ಲಿ ರುಜು ಹಾಕಲು ಒಬ್ಬ ಕಾರ್ಯದರ್ಶಿಗೆ ಅಧಿಕಾರ ದೊರೆಯಿತು. ಆ ಕಾರ್ಯದರ್ಶಿ ಜಾಕ್ಸನ್ನನ ಹೆಂಡತಿಯ ಸೋದರನ ಮಗ. ರುಜುವಿನ ರಾಶಿ ಬಿದ್ದಾಗ ಮನೆಯ ಹುಡುಗರನ್ನೇ ನೆನೆಯುವುದು ಎಲ್ಲ ಕಡೆಯೂ ಉಂಟೆಂದು ಕಾಣುತ್ತದೆ. ಆದರೆ ಇಲ್ಲಿ ಒಂದು ಪ್ರಾಮಾಣಿಕತೆಯುಂಟು. ಹಕ್ಕುಪತ್ರದಲ್ಲಿ ಅಧ್ಯಕ್ಷನ ಹೆಸರಿನ ಕೆಳಗೆ 'ಕಾರ್ಯದರ್ಶಿಯ ಮೂಲಕ' ಎಂದು ಬರೆದು, ಹಾಕಿದವನ ಹೆಸರೂ ಇರುತ್ತಿತ್ತು. ಯಾರ ಅಧಿಕಾರ, ಯಾರ ಕೈ ಎಂಬ ಎರಡೂ ಕಾಗದದ ಮೇಲೆಯೇ ಇದ್ದವು. ಹೆನ್ರಿಯ ಮುದ್ರೆ ಮುಚ್ಚಿಟ್ಟದ್ದು ಇದನ್ನೇ.

ಇನ್ನು ಹೊಸ ವಿದ್ಯೆ. ಅಳಿಯ ನನಗೆ ಮೂರು ಸಂಜೆ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ದಾಖಲೆ ಎಷ್ಟೇ ಉದ್ದವಿರಲಿ, ಅದನ್ನು ಒಂದು ಗಣಿತದ ಗಾಣಕ್ಕೆ ಹಾಕಿದರೆ 64 ಅಂಕೆ-ಅಕ್ಷರಗಳ ಒಂದು ಸಾರ ಹೊರಬರುತ್ತದೆ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾರವೆಲ್ಲ ಬದಲು. ಅಧಿಕಾರಿಯ ಬಳಿ ಎರಡು ಕೀಲಿಗಳು. ಒಂದು ಗುಟ್ಟಿನದು, ಒಂದು ಬಹಿರಂಗದ್ದು. ಗುಟ್ಟಿನ ಕೀಲಿಯಿಂದ ಆ ಸಾರವನ್ನು ಲೆಕ್ಕ ಹಾಕಿ ತೆಗೆದದ್ದೇ ರುಜು. ಬಹಿರಂಗದ ಕೀಲಿಯಿಂದ ಯಾರು ಬೇಕಾದರೂ ಅದನ್ನು ತಾಳೆ ನೋಡಬಹುದು. ಗುಟ್ಟಿನ ಕೀಲಿ ಇರುವುದು ಕಿರುಬೆರಳಿನಷ್ಟು ಉದ್ದದ ಒಂದು ಯುಎಸ್‌ಬಿ ಟೋಕನ್ನಿನಲ್ಲಿ. ಕಚೇರಿಯ ಭಾಷೆಯಲ್ಲಿ ಅದು 'ಡೋಂಗಲ್'. ಕೀಲಿ ಅದರಿಂದ ಹೊರಗೆ ಬರುವುದಿಲ್ಲ. ಲೆಕ್ಕ ನಡೆಯುವುದು ಅದರ ಹೊಟ್ಟೆಯೊಳಗೇ. ಇದರಲ್ಲಿ ಬರುವ ಸಂಖ್ಯೆಗಳು ಸುಮಾರು 617 ಅಂಕೆಗಳಷ್ಟು ಉದ್ದವಂತೆ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಇದರ ತತ್ತ್ವವನ್ನು ಹೇಳಿದರು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಮೂವರು ಲೆಕ್ಕ ಮಾಡಿ ತೋರಿಸಿದರು. ನಾನು ಒತ್ತುಕಾಗದ ಹಿಡಿದು ನಿಂತಿದ್ದ ವರ್ಷಗಳೇ ಅವು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬಲ ಬಂದದ್ದು ಮಾಹಿತಿ ತಂತ್ರಜ್ಞಾನ ಕಾಯಿದೆಯಿಂದ. ಅದು ಜಾರಿಯಾದದ್ದು 2000ದ ಅಕ್ಟೋಬರ್ 17ರಂದು. ಮರಣಶಾಸನ, ಅಧಿಕಾರಪತ್ರ, ಸ್ಥಿರಾಸ್ತಿಯ ಕ್ರಯ ಮೊದಲಾದವನ್ನು ಆಗ ಹೊರಗಿಟ್ಟಿದ್ದರು. ಹೆನ್ರಿಯ ಮರಣಶಾಸನದ ಕಥೆ ಗೊತ್ತಿದ್ದವರು ಯಾರೋ ಕರಡು ಬರೆದಿರಬೇಕೆಂದು ನನ್ನ ಕುಚೋದ್ಯ.

ಅದೇ ಹೊತ್ತಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತು. 177 ತಾಲೂಕುಗಳ, ಸುಮಾರು 67 ಲಕ್ಷ ಹಿಡುವಳಿದಾರರ, 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದರು. ಘಟ್ಟದ ಮೇಲಿನವರು ಪಹಣಿ ಎನ್ನುವುದನ್ನು ನಾವು ಆರ್‌ಟಿಸಿ ಎನ್ನುತ್ತೇವೆ. ಕೈಬರಹದ ಆರ್‌ಟಿಸಿ ನಿಂತಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗುವಂತಾಯಿತು. ಆ ಪ್ರತಿಗೆ ಗ್ರಾಮಲೆಕ್ಕಿಗ ಪೆನ್ನಿನಲ್ಲೇ ರುಜು ಹಾಕುತ್ತಿದ್ದ. ಒಳಗಿನ ದಾಖಲೆಯನ್ನು ಬದಲಿಸಬೇಕಾದರೆ ಮಾತ್ರ ಅಧಿಕಾರಿಗಳು ಯಂತ್ರದ ಮೇಲೆ ಬೆರಳು ಒತ್ತಬೇಕು. ನನಗೆ ಆಗ ಒಳಗೊಳಗೇ ನಗು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಒಬ್ಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರಿನ ಮೇಲೆ ಒತ್ತಿಸಿಕೊಂಡಂದಿನಿಂದ, ಹೆಬ್ಬೆಟ್ಟು ಎಂದರೆ ಅಕ್ಷರ ಬಾರದವರ ಪಾಲು, ರುಜು ಎಂದರೆ ಸಾಹೇಬರ ಪಾಲು ಎಂದಾಗಿತ್ತು. ಈಗ ಸಾಹೇಬರೇ 'ಥಂಬ್ ಕೊಡಲು' ಕೂತರು.

2012ರಲ್ಲಿ ನಾಡಕಚೇರಿಗಳು ಅಟಲ್‌ಜೀ ಜನಸ್ನೇಹಿ ಕೇಂದ್ರಗಳಾದವು. ಜಾತಿ, ಆದಾಯದ ಪ್ರಮಾಣಪತ್ರಗಳಿಗೆ ಉಪತಹಶೀಲ್ದಾರರ ಡಿಜಿಟಲ್ ಸಹಿ ಬೀಳತೊಡಗಿತು. ಶಾಲೆ ಕಾಲೇಜು ಸೇರುವ ಜೂನ್ ತಿಂಗಳಲ್ಲಿ ಅಲ್ಲಿ ಬೀಳುವ ಅರ್ಜಿಗಳ ರಾಶಿಯನ್ನು ಕಂಡವರಿಗೆ ಒಟ್ಟುರುಜು ಏಕೆ ಬೇಕೆಂದು ಹೇಳಬೇಕಾಗಿಲ್ಲ. 2013ರಲ್ಲಿ ಪಂಚಾಯತುಗಳಿಗೆ 'ಇ-ಸ್ವತ್ತು' ಬಂತು. ಅದರ ನಮೂನೆ 9 ಮತ್ತು 11ನ್ನು ಸೇರಿಸಿ ನಮ್ಮ ಜಿಲ್ಲೆಯವರು 'ನೈನ್-ಇಲೆವೆನ್' ಎಂದು ಕರೆದರು. ಬೇರೆ ಊರಿನವರು ಇದನ್ನು ಕೇಳಿ ಬೆಚ್ಚಿದ್ದುಂಟು. 2014ರಲ್ಲಿ ನಾನು ನಿವೃತ್ತನಾದೆ. ಹೊರಡುವ ವರ್ಷ ನಾನು ಕಂಡ ಒಂದು ದೃಶ್ಯವನ್ನು, ಕಚೇರಿಯ ಹೆಸರು ಬಿಟ್ಟು, ಅಳಿಯನಿಗೆ ಹೇಳಿದೆ: ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಅವರ ಡೋಂಗಲ್ ಆಪರೇಟರನ ಕಂಪ್ಯೂಟರಿನಲ್ಲಿದೆ, ಗುಪ್ತಸಂಖ್ಯೆ ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿದೆ, ರುಜುಗಳು ಬೀಳುತ್ತಿವೆ. ತನ್ನ ಕೀಲಿಯನ್ನು ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳಬೇಕೆಂದು ಕಾಯಿದೆಯ 42ನೆಯ ಕಲಮು ಹೇಳುತ್ತದೆ. ವಿಲಿಯಂ ಕ್ಲಾರ್ಕನ ಪಕ್ಕದಲ್ಲಿ ಇಬ್ಬರಾದರೂ ನಿಂತಿರುತ್ತಿದ್ದರು.

"ಆಪರೇಟರನನ್ನು ಬೈದು ಪ್ರಯೋಜನವಿಲ್ಲ ಮಾರಾಯ" ಎಂದೆ. "ಹೊರಗೆ ಜನ ನಿಂತಿದ್ದಾರೆ, ಮಕ್ಕಳ ಕಾಲೇಜಿನ ಕೊನೆಯ ದಿನ. ಅವನಿಗೆ ಬೇರೆ ದಾರಿ ನೀನು ಕೊಟ್ಟಿದ್ದೀಯಾ?"

ಇಲ್ಲಿಂದ ಮುಂದೆ ನಮ್ಮ ಮಾತು ಬಿಸಿಯಾಯಿತು. ಸಲಕರಣೆಯ ಕಷ್ಟಗಳು ಅವನಿಗೂ ಉಂಟು. ಮೊದಲೆಲ್ಲ ಬ್ರೌಸರಿನ ಒಳಗೇ ಜಾವಾದ ಒಂದು ತುಂಡು ಓಡಿ ಡೋಂಗಲಿನೊಡನೆ ಮಾತಾಡುತ್ತಿತ್ತಂತೆ. 2015ರಲ್ಲಿ ಕ್ರೋಮ್ ಆ ಬಾಗಿಲನ್ನು ಮುಚ್ಚಿದ ಬಳಿಕ ಅಧಿಕಾರಿಯ ಯಂತ್ರದಲ್ಲೇ ಒಂದು ಪ್ರತ್ಯೇಕ ಪ್ರೋಗ್ರಾಮನ್ನು ಕೂರಿಸಬೇಕು. ದೂರದ ಸರ್ವರಿನಿಂದ ಬರಿಯ ಸಾರಗಳನ್ನು ಕಳಿಸಿ ರುಜು ಹಾಕಿಸಿದರೆ ಕೆಲಸ ವೇಗ. ಆದರೆ ಆ 64 ಅಕ್ಷರಗಳನ್ನು ನೋಡಿ ಅದು ಯಾರ ಗದ್ದೆಯ ಕಾಗದವೆಂದು ಯಾವ ಮನುಷ್ಯನೂ ಹೇಳಲಾರ. ಪರದೆ ಒಂದನ್ನು ತೋರಿಸಿ, ರುಜು ಇನ್ನೊಂದಕ್ಕೆ ಬೀಳುವ ಹಾಗಾಗಬಾರದು. ಆದ್ದರಿಂದ ಪೂರ್ತಿ ದಾಖಲೆ ಅಧಿಕಾರಿಯ ಯಂತ್ರಕ್ಕೇ ಬಂದು, ಅಲ್ಲಿಯೇ ತೋರಿ, ಅಲ್ಲಿಯೇ ಸಾರವಾಗಬೇಕು. ಕನ್ನಡದ ತೊಡಕು ಬೇರೆ. ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸಾರ ಮಾತ್ರ ಬೇರೆ ಬೇರೆ. ನಮ್ಮ ಲಿಪಿ ಈ ಯಂತ್ರಕ್ಕೂ ಸುಲಭವಾಗಿ ಬಗ್ಗಲಿಲ್ಲವೆಂದು ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ನಾನು ಹೇಳಿದ್ದು ಹಳೆಯ ಕಚೇರಿಯ ಮಾತು. ಗುಮಾಸ್ತ ಬರೆದ ಕಾಗದಕ್ಕೆ ಮೊದಲು ಗುಮಾಸ್ತನ ಕಿರುಸಹಿ, ಆಮೇಲೆ ಶಿರಸ್ತೇದಾರರ ಕಿರುಸಹಿ, ಕೊನೆಗೆ ಸಾಹೇಬರ ರುಜು. ತಪ್ಪಾದರೆ ಯಾವ ಕಣ್ಣು ತಪ್ಪಿತೆಂದು ಕಾಗದವೇ ಹೇಳುತ್ತಿತ್ತು. ಆ ಹೆಂಗಸಿನ ಪ್ರಮಾಣಪತ್ರದ ಕಚೇರಿಪ್ರತಿಯಲ್ಲಿ ನನ್ನ ಕಿರುಸಹಿ ಇತ್ತು; ಆಕೆಯ ಕೈಗೆ ಹೋದ ಪ್ರತಿಯಲ್ಲಿ ಇರಲಿಲ್ಲ. ಜೊತೆಗೆ, ಒಳ್ಳೆಯ ಶಿರಸ್ತೇದಾರರು ರಾಶಿಯನ್ನು ಹಾಗೆಯೇ ಒಳಗೆ ಕಳಿಸುತ್ತಿರಲಿಲ್ಲ. ಎಲ್ಲ ತಾಳೆಯಾದವು ಒಂದು ಕಟ್ಟು. ಎಲ್ಲಿಯಾದರೂ ಒಂದು ಅಂಕೆ, ಒಂದು ಹೆಸರು ಹಿಂದಿನ ದಾಖಲೆಯೊಡನೆ ಹೊಂದದಿದ್ದರೆ ಅದು ಬೇರೆ ಕಟ್ಟು, ಕೆಂಪು ದಾರ ಹಾಕಿ. ದಣಿದ ಕಣ್ಣನ್ನು ಎಲ್ಲಿ ಊರಬೇಕೆಂದು ಆ ದಾರ ಹೇಳುತ್ತಿತ್ತು.

"ಈ ತಾಳೆ ನೋಡುವ ಕೆಲಸವನ್ನು ಕಂಪ್ಯೂಟರು ಶಿರಸ್ತೇದಾರರಿಗಿಂತ ಚೆನ್ನಾಗಿ ಮಾಡುತ್ತದೆ" ಎಂದು ಅವನ ಕಣ್ಣು ಮಿನುಗಿತು.

"ಮಾಡಲಿ. ಆದರೆ ತಾಳೆಯಾದ ಕಟ್ಟಿನಿಂದಲೂ ಕೆಲವನ್ನು ಎಳೆದು ಮುಂದಿಡಬೇಕು. ಯಾವುದನ್ನು ಎಂದು ಯಾರಿಗೂ ಮೊದಲೇ ಗೊತ್ತಿರಬಾರದು."

ಇನ್ನೊಂದು ವಿಷಯದಲ್ಲಿ ನಾವು ಒಮ್ಮತಕ್ಕೆ ಬರಲಿಲ್ಲ. ಅಧಿಕಾರಿ ಯಾವ ಕಾಗದವನ್ನು ತೆರೆದು ನೋಡಿದರು, ಯಾವುದನ್ನು ತೆರೆಯದೆಯೇ ರುಜು ಹಾಕಿದರು ಎಂಬುದನ್ನು ದಾಖಲಿಸಬೇಕೆಂದು ನನ್ನ ವಾದ. ಹಾಗೆ ಮಾಡಿದರೆ ಒಬ್ಬ ಅಧಿಕಾರಿಯೂ ತನ್ನ ಸಲಕರಣೆಯನ್ನು ಮುಟ್ಟಲಾರನೆಂದು ಅವನ ವಾದ. ಇಲ್ಲವೆ, ಎಲ್ಲವನ್ನೂ ಒಂದು ಕ್ಷಣ ತೆರೆದು ಮುಚ್ಚುವ ಅಭ್ಯಾಸ ಮಾಡಿಕೊಳ್ಳುತ್ತಾರಂತೆ. ಅವನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮೂಲೆ ಎತ್ತುವ ಜವಾನನನ್ನು ನಾನು ಕಂಡವನಲ್ಲವೆ? ಕೊನೆಗೆ ಅಮೆರಿಕದ ಹಕ್ಕುಪತ್ರವನ್ನು ನೆನಪಿಸಿಕೊಂಡು ಒಂದು ರಾಜಿಯಾಯಿತು. ಒಟ್ಟಾಗಿ ರುಜು ಬಿದ್ದ ದಾಖಲೆಯಲ್ಲಿ, ಅದನ್ನು ಸಿದ್ಧಪಡಿಸಿದವನ ಮತ್ತು ಪರಿಶೀಲಿಸಿದವನ ಹುದ್ದೆ, ಹೊತ್ತು ಎರಡೂ ಅಧಿಕಾರಿಯ ರುಜುವಿನ ಪಕ್ಕದಲ್ಲೇ ಇರಬೇಕು. ಅದು ಕಚೇರಿಪ್ರತಿಯಲ್ಲಿ ಮಾತ್ರವಲ್ಲ, ಜನರ ಕೈಗೆ ಹೋಗುವ ಪ್ರತಿಯಲ್ಲಿಯೂ ಕಾಣಬೇಕು. ಸಾಹೇಬರು ಮೀಟಿಂಗಿಗೆ ಹೋಗುವುದಾದರೆ ಅಧಿಕಾರವನ್ನು ಇನ್ನೊಬ್ಬ ಅಧಿಕಾರಿಗೆ ಅವರ ಹೆಸರಿನಲ್ಲೇ, ಅವರ ಡೋಂಗಲಿಗೇ ವಹಿಸುವ ದಾರಿಯೂ ಇರಬೇಕು. ಆಗ ಹಳದಿ ಚೀಟಿಗೆ ಕೆಲಸವಿಲ್ಲ.

ಜನರ ಕೈಯ ಪ್ರತಿ ಎಂದೊಡನೆ ನಾನು ನನ್ನದೇ ಒಂದು ಪ್ರಮಾಣಪತ್ರವನ್ನು ತಂದು ತೋರಿಸಿದೆ. ರುಜುವಿರಬೇಕಾದ ಜಾಗದಲ್ಲಿ ಒಂದು ಹಳದಿ ಪ್ರಶ್ನೆಚಿಹ್ನೆ. 'ಸಹಿ ಪರಿಶೀಲಿತವಾಗಿಲ್ಲ' ಎಂದು ಇಂಗ್ಲಿಷಿನಲ್ಲಿ ಬರಹ. ರುಜು ಕೆಟ್ಟದ್ದಲ್ಲವಂತೆ, ತೆರೆದ ಯಂತ್ರಕ್ಕೆ ಭಾರತದ ಮೂಲ ಪ್ರಮಾಣಪತ್ರವನ್ನು ನಂಬೆಂದು ಯಾರೂ ಹೇಳಿಕೊಟ್ಟಿಲ್ಲವಷ್ಟೆ. ಕಾಗದಕ್ಕೆ ಇಳಿಸಿದೊಡನೆ ಆ 617 ಅಂಕೆಗಳ ಗಣಿತವೆಲ್ಲ ಹಿಂದೆ ಉಳಿದು, ಬರಿಯ ಚಿತ್ರ ಬರುತ್ತದೆ. ಇದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋದ ಮುದುಕ ಏನು ತಿಳಿಯಬೇಕು? ಅಂಥವನಿಗಾಗಿ, ಮೊಬೈಲಿನಿಂದ ತಾಳೆ ನೋಡುವ ಚೌಕದ ಸಂಕೇತವನ್ನು ದೊಡ್ಡದಾಗಿಯೂ, ಪಕ್ಕದಲ್ಲಿ ಕನ್ನಡದ ಎರಡು ಸಾಲನ್ನೂ ಹಾಕುವುದೆಂದು ಅಳಿಯ ಬರೆದುಕೊಂಡ.

ದೀಪಾವಳಿಯ ಮರುದಿನ ಅವನು ಲ್ಯಾಪ್‌ಟಾಪು ಹಿಡಿದು ಬಂದ. "ಮಾವ, ಇವತ್ತು ನೀವೇ ಸಾಹೇಬರು" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಗೆಂದು ಮಾಡಿದ ಐವತ್ತು ಸುಳ್ಳು ದಾಖಲೆಗಳನ್ನು ಮುಂದಿಟ್ಟ. ಕೆಂಪು ದಾರದ ಕಟ್ಟಿನಲ್ಲಿ ನಾಲ್ಕು ಇದ್ದವು. ನಾಲ್ಕನ್ನೂ ಓದಿ ಎರಡನ್ನು ಹಿಂದಕ್ಕೆ ಕಳಿಸಿದೆ. ಉಳಿದವುಗಳಿಂದ ಯಂತ್ರ ತಾನಾಗಿ ಐದನ್ನು ಎಳೆದು ತೋರಿಸಿತು. ಕನ್ನಡಕ ಸರಿಮಾಡಿಕೊಂಡು ಐದನ್ನೂ ನೋಡಿದೆ. ಎಲ್ಲ ಸರಿಯಿದೆಯೆಂದು ಗುಪ್ತಸಂಖ್ಯೆ ಒತ್ತಿದೆ. ಒಂದು ನಿಮಿಷದೊಳಗೆ ನಲವತ್ತೆಂಟು ರುಜುಗಳು ಬಿದ್ದವು. ನನ್ನ ಸರ್ವೀಸಿನಲ್ಲಿ ನಾನು ಹಾಕಿದ್ದು ಕಿರುಸಹಿ ಮಾತ್ರ. ಸಾಹೇಬರ ಕುರ್ಚಿಯ ಸುಖ ಏನೆಂದು ಅಂದು ತಿಳಿಯಿತು.

ಅಳಿಯ ಏನೂ ಹೇಳದೆ ಆ ಐದರಲ್ಲಿ ಮೂರನೆಯದನ್ನು ಮತ್ತೆ ತೆರೆದ. ಸರ್ವೆ ನಂಬ್ರದ ಉಪವಿಭಾಗ ತಿರುಗುಮುರುಗಾಗಿತ್ತು. ಅವನೇ ಬೇಕೆಂದು ಹಾಗೆ ಇಟ್ಟಿದ್ದ. ನಾನು ಅದನ್ನು ತೆರೆದು, ನೋಡಿ, ರುಜು ಹಾಕಿದ್ದೆ.

"ಅಕ್ಷರ ಸಣ್ಣದಾಯಿತು ಮಾವ" ಎಂದು ಅವನು ಟಿಪ್ಪಣಿ ಪುಸ್ತಕ ತೆಗೆದ. "ಅಂಕೆಗಳನ್ನು ದೊಡ್ಡದು ಮಾಡಿ, ಹಿಂದಿನ ದಾಖಲೆಯ ಅಂಕೆಯನ್ನು ಅದರ ಪಕ್ಕದಲ್ಲೇ ಇಡುತ್ತೇನೆ."